ಬಾಡಿಗಿ ತಪ್ಪಿಲ್ಲ, ರಿಪೇರಿ ಯಾಕ ತಪ್ಪೈತಿ?

ಆನೆಗೊಂದಿ, ಸಣಾಪುರ, ಮಲ್ಲಾಪುರ, ಹನುಮನಹಳ್ಳಿ, ಚಿಕ್ಕರಾಂಪುರ, ಕಡೆಬಾಗಿಲು, ಬಸವನದುರ್ಗದಿಂದ ಗಂಗಾವತಿಗೋ ಕೊಪ್ಪಳಕ್ಕೋ ಓದಲು ಹೋಗಿ ಬಾಡಿಗೆ ರೂಮಿನಲ್ಲಿರುವ ಗೆಳೆಯ ಗೆಳತಿಯರೇ, ಅವರ ಪಾಲಕರೇ, ರೂಮು ಕೊಟ್ಟಿರುವ ಮಾಲಕರೇ,

ಈ ಕಾಗದವನ್ನು ಬಸ್ಸಿನಲ್ಲಿ ಕೂತು ಪೂರ್ತಿ ಓದಿ. ಓದಿದ ಮೇಲೆ ಮಿರ್ಚಿ ಕಟ್ಟಲು ಕೊಡಬೇಡಿ. ಒಳಗೊಂದು ಅರ್ಜಿಯ ನಮೂನೆ ಇದೆ, ಮಳೆ ಶುರುವಾದ ದಿನ ಬೇಕಾಗುತ್ತದೆ.

ತಿಂಗಳ ಐದನೇ ತಾರೀಖು ದಾಟಿತೋ, ಮಾಲಕರ ಫೋನು. "ಏನ್ರಪಾ, ಬಾಡಿಗಿ ಇನ್ನೂ ಬಂದಿಲ್ಲಲ್ಲ?" ಕೇಳಲಿ, ಅದು ಅವರ ಹಕ್ಕು. ಮಾಳಿಗೆ ಸೋರಿ ಪುಸ್ತಕವೆಲ್ಲ ನೆನೆದು ಉಬ್ಬಿವೆ ಎಂದು ನಾವು ಫೋನು ಮಾಡಿದಾಗ ಏನು ಉತ್ತರ? "ಮಳಿ ನಿಲ್ಲಲಿ, ನೋಡೋಣು." ಮಳೆ ನಿಂತ ಮೇಲೆ ಕೇಳಿದರೆ, "ಈಗ ಮಳಿ ಎಲ್ಲೈತಿ?" ಸ್ವಿಚ್ಚು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದರೆ, "ಒದ್ದಿ ಕೈಲಿ ಮುಟ್ಟಬ್ಯಾಡ್ರಿ." ಬಚ್ಚಲದ ಬಾಗಿಲಿಗೆ ಚಿಲಕ ಇಲ್ಲ ಎಂದರೆ, "ಒಬ್ಬಾಕಿ ಹೊರಗ ನಿಂತರಾತು." ಇನ್ನೂ ಒತ್ತಿ ಕೇಳಿದರೆ ಕಡೆಯ ಮಾತು ಎಲ್ಲರದ್ದೂ ಒಂದೇ: "ಬ್ಯಾಡಾದ್ರ ಖಾಲಿ ಮಾಡ್ರಿ, ಮಂದಿ ಪಾಳಿ ಹಚ್ಚ್ಯಾರ."

ಪಾಳಿ ಹಚ್ಚಿರುವುದು ಸುಳ್ಳಲ್ಲ. ಗಂಗಾವತಿಯ ಎಸ್‌ಕೆಎನ್‌ಜಿ ಸರ್ಕಾರಿ ಕಾಲೇಜಿಗೆ, ಪಿಯು, ಐಟಿಐ, ನರ್ಸಿಂಗ್ ಕಾಲೇಜುಗಳಿಗೆ ನಮ್ಮ ಕಡೆಯವರಷ್ಟೇ ಅಲ್ಲ, ಕುಷ್ಟಗಿ, ಯಲಬುರ್ಗಾ, ಕನಕಗಿರಿ, ಕಾರಟಗಿ ಕಡೆಯವರೂ ಬರುತ್ತಾರೆ. ಕೊಪ್ಪಳದಲ್ಲಿ ಗವಿಮಠದ ಪ್ರಸಾದ ನಿಲಯ ಸಾವಿರಾರು ಮಕ್ಕಳಿಗೆ ಅನ್ನ, ಆಸರೆ ಕೊಡುತ್ತಿದೆ. ಸರ್ಕಾರಿ ಹಾಸ್ಟೆಲುಗಳಿವೆ. ಆದರೂ ಸೀಟು ಸಿಗದವರು ಬಹಳ. ಹಾಗೆ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆಂದು ಸರ್ಕಾರ 2013–14ರಲ್ಲಿ ವಿದ್ಯಾಸಿರಿ ಶುರು ಮಾಡಿತು. ಶುರುವಿನಲ್ಲಿ ಕೊಡುತ್ತಿದ್ದದ್ದು ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು. ಊಟಕ್ಕೂ ಅದೇ, ರೂಮಿಗೂ ಅದೇ. ಆ ದುಡ್ಡಿಗೆ ಸಿಗುವುದು ಎಂಥ ರೂಮು ಎಂಬುದು ಗಂಗಾವತಿಯ ಓಣಿ ತಿರುಗಿದವರಿಗೆ ಗೊತ್ತು. ರೈಸ್‌ಮಿಲ್ಲಿನ ಹೊಟ್ಟಿನ ಬೂದಿ ತಟ್ಟೆಯ ಮೇಲೆ ಬಂದು ಕೂರುವ ಜಾಗ, ಭತ್ತದ ಗದ್ದೆಯ ಅಂಚಿಗೆ ಎಬ್ಬಿಸಿದ ತಗಡಿನ ಶೆಡ್ಡು, ಕೆಳಗಿನಿಂದ ನೀರು ಏರಿ ಮೊಣಕಾಲೆತ್ತರಕ್ಕೆ ಸುಣ್ಣ ಉದುರಿದ ಗೋಡೆ. ಊರು ಭತ್ತದ ಕಣಜ, ಒಪ್ಪೋಣ. ಕಣಜದಲ್ಲಿ ಭತ್ತಕ್ಕೆ ಹಸಿ ತಾಗದಂತೆ ನೋಡಿಕೊಳ್ಳುವವರು ಮಕ್ಕಳಿಗೂ ಅಷ್ಟು ಮಾಡಬಹುದಲ್ಲ.

2019ರ ಆಗಸ್ಟ್ 18

ಮರೆತವರಿದ್ದರೆ ನೆನಪಿಸುತ್ತೇವೆ. ಕೊಪ್ಪಳದ ದೇವರಾಜ ಅರಸು ಮೆಟ್ರಿಕ್ ಪೂರ್ವ ಬಾಲಕರ ವಸತಿ ನಿಲಯ ಆಗ ಒಂದು ಖಾಸಗಿ ಬಾಡಿಗೆ ಕಟ್ಟಡದಲ್ಲಿತ್ತು. ಸ್ವಾತಂತ್ರ್ಯ ದಿನಕ್ಕೆಂದು ಮೇಲೆ ನಿಲ್ಲಿಸಿದ್ದ ಧ್ವಜದ ಕಂಬವನ್ನು ಭಾನುವಾರ ಬೆಳಿಗ್ಗೆ ಹುಡುಗರು ಇಳಿಸುತ್ತಿದ್ದರು. ಕಂಬ ವಿದ್ಯುತ್ ತಂತಿಗೆ ತಗುಲಿತು. ಐವರು ಸತ್ತರು. ಎಲ್ಲರೂ ಹೈಸ್ಕೂಲಿನ ಮಕ್ಕಳು. ಮುಖ್ಯಮಂತ್ರಿಗಳು ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿದರು.

ಆ ಕಟ್ಟಡದ ಬಾಡಿಗೆದಾರ ಯಾರು? ಸರ್ಕಾರ. ಎಂಜಿನಿಯರುಗಳಿರುವ, ವಿದ್ಯುತ್ ಪರಿವೀಕ್ಷಕರಿರುವ, ಬೇಡವಾದರೆ ಬೇರೆ ಕಟ್ಟಡ ಹಿಡಿಯುವ ಶಕ್ತಿಯಿರುವ ಬಾಡಿಗೆದಾರ. ಅಂಥವರು ಹಿಡಿದ ಕಟ್ಟಡದಲ್ಲೇ ತಂತಿ ಮಕ್ಕಳ ಕೈಯಲ್ಲಿದ್ದ ಕಂಬಕ್ಕೆ ಎಟಕುವಷ್ಟು ಹತ್ತಿರದಲ್ಲಿತ್ತು. ಹೀಗಿರುವಾಗ ಹದಿನೆಂಟು ವರ್ಷದ ಹುಡುಗನೊಬ್ಬ ಬ್ಯಾಗು ಹಿಡಿದುಕೊಂಡು ಬಂದು ರೂಮು ನೋಡಿ, ಫ್ಯಾನು ತಿರುಗುತ್ತದೆಯೇ ಎಂದು ಮಾತ್ರ ಕೇಳಿ ಅಡ್ವಾನ್ಸು ಕೊಟ್ಟು ಬಂದರೆ ಅವನನ್ನು ಬೈದು ಫಲವೇನು?

ವಿದ್ಯುತ್ ಸುರಕ್ಷತೆಯ ನಿಯಮ ಸ್ಪಷ್ಟವಿದೆ. 11 ಕೆವಿ ತಂತಿ ಕಟ್ಟಡದ ಪಕ್ಕಕ್ಕೆ ಕನಿಷ್ಠ 1.2 ಮೀಟರ್, ಮೇಲೆ ಹಾದರೆ ಕಟ್ಟಡದ ಎತ್ತರದ ಭಾಗದಿಂದ ಕನಿಷ್ಠ 3.7 ಮೀಟರ್ ದೂರ ಇರಬೇಕು. ಮನೆಗೆ ಬರುವ ಸಾಮಾನ್ಯ ಲೈನಾದರೂ ಮೇಲಕ್ಕೆ 2.5 ಮೀಟರ್, ಪಕ್ಕಕ್ಕೆ 1.2 ಮೀಟರ್. ಗೆಳೆಯರೇ, ಟೇಪು ಹಿಡಿದು ಅಳೆಯಲು ಮಾತ್ರ ಹೋಗಬೇಡಿ. ಬಟ್ಟೆ ಒಣಹಾಕುವ ಜಾಗದಿಂದ ಕೈ ಚಾಚಿದರೆ ಸಿಗುವಂತೆ ಕಂಡರೆ ಸಾಕು, ಫೋಟೋ ತೆಗೆದು ಜೆಸ್ಕಾಂನ 1912ಕ್ಕೆ ಫೋನು ಮಾಡಿ. ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಶಾಖಾ ಕಚೇರಿಗೆ ಅದನ್ನೇ ಒಂದು ಹಾಳೆಯಲ್ಲಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

ರೂಮಿನ ಒಳಗಿನದು ಬೇರೆ. ಅದು ಮಾಲಕರ ಕೆಲಸ. ಗೋಡೆ ಮುಟ್ಟಿದರೆ, ನಲ್ಲಿ ಮುಟ್ಟಿದರೆ ಶಾಕ್ ಹೊಡೆಯುತ್ತಿದ್ದರೆ ಅರ್ಥಿಂಗ್ ಸರಿ ಇಲ್ಲ, ಅಥವಾ ಹಸಿ ಗೋಡೆಯೊಳಗೆ ವೈರಿನ ಮೇಲ್ಹೊದಿಕೆ ಹೋಗಿದೆ ಎಂದರ್ಥ. ಮೀಟರಿನ ಬಳಿ 30 ಮಿಲಿ ಆಂಪಿಯರ್‌ನ ಇಎಲ್‌ಸಿಬಿ ಕೂರಿಸಿದರೆ ಕರೆಂಟು ಸೋರಿದ ಕ್ಷಣದಲ್ಲಿ ಲೈನು ತಾನಾಗಿ ಕಡಿಯುತ್ತದೆ. ಇಡೀ ಕಟ್ಟಡದ ಮಕ್ಕಳ ಜೀವಕ್ಕೆ ಅದೊಂದು ಡಬ್ಬಿ. ಬೇರೆ ಎಲ್ಲ ರಿಪೇರಿ ಮುಂದಿನ ತಿಂಗಳಿಗೆ ಹೋದರೂ ಇದು ಹೋಗಬಾರದು.

ನಾವು ಯಾಕೆ ಬಾಯಿ ಬಿಡುವುದಿಲ್ಲ

ಮಾಲಕರು ಕೆಟ್ಟವರು, ನಾವು ಪಾಪದವರು ಎಂದು ಬರೆದು ಮುಗಿಸುವುದು ಸುಲಭ. ಅಷ್ಟೇ ಆಗಿದ್ದರೆ ಕರಪತ್ರದ ಖರ್ಚು ಬೇಕಿರಲಿಲ್ಲ. ನಾವು ಸುಮ್ಮನಿರುತ್ತೇವೆ, ಅದಕ್ಕೆ ಕಾರಣಗಳಿವೆ.

ಹುಡುಗಿಯರದ್ದು ಮೊದಲು. ಚಿಲಕವಿಲ್ಲದ ಬಚ್ಚಲು, ಬಲ್ಬಿಲ್ಲದ ಮೆಟ್ಟಿಲು, ಮಂದಿ ಕೂತಿರುವ ಅಂಗಳ ದಾಟಿಯೇ ಹೋಗಬೇಕಾದ ಪಾಯಖಾನೆ. ಇದನ್ನು ಊರಿಗೆ ಫೋನು ಮಾಡಿ ಹೇಳಿದರೆ ಅಪ್ಪ ಮಾಲಕರಿಗೆ ರಿಪೇರಿ ಮಾಡಿಸಿ ಎನ್ನುವುದಿಲ್ಲ, ಮಗಳಿಗೆ "ಸಾಕು ಬಿಡವ್ವ, ಊರಿಗೆ ಬಾ" ಎನ್ನುತ್ತಾನೆ. ಊರಿಗೆ ಬಂದವಳ ಡಿಗ್ರಿ ಅಲ್ಲಿಗೇ ನಿಲ್ಲುತ್ತದೆ, ಗಂಡು ನೋಡುವುದು ಶುರುವಾಗುತ್ತದೆ. ಅದಕ್ಕೇ "ರೂಮ್ ಹೆಂಗೈತಿ?" ಎಂದು ಕೇಳಿದರೆ "ಚಲೋ ಐತಿ" ಎಂಬ ಉತ್ತರ. ಪಾಲಕರೇ, ನಿಮ್ಮ ಮಗಳು ಚಲೋ ಐತಿ ಅಂದಾಗ ಒಮ್ಮೆ ಹೋಗಿ ಕಣ್ಣಾರೆ ನೋಡಿ. ಅವ್ವನೇ ಹೋದರೆ ಇನ್ನೂ ಒಳ್ಳೆಯದು, ಅವ್ವನಿಗೆ ಬಚ್ಚಲು ಕಾಣುತ್ತದೆ, ಅಪ್ಪನಿಗೆ ಬಾಡಿಗೆ ಮಾತ್ರ ಕಾಣುತ್ತದೆ. ನೋಡಿ ಮಗಳನ್ನು ಕರೆದುಕೊಂಡು ಬರಬೇಡಿ. ಚಿಲಕ ಹಾಕಿಸಿ ಬನ್ನಿ.

ಎರಡನೆಯದನ್ನು ಬರೆಯುವುದು ಬೇಡ ಎಂದು ನಮ್ಮಲ್ಲೇ ಕೆಲವರು ಅಂದರು. ಬರೆಯುತ್ತಿದ್ದೇವೆ. ಬೋರ್ಡಿನಲ್ಲಿ "ರೂಮು ಬಾಡಿಗೆಗೆ ಇದೆ" ಎಂದಿರುತ್ತದೆ, ಬಾಗಿಲಲ್ಲಿ ನಿಂತ ಮೇಲೆ "ನೀವು ಯಾವ ಪೈಕಿ?" ಎಂಬ ಪ್ರಶ್ನೆ. ದಲಿತ ಹುಡುಗರಿಗೆ, ಮುಸ್ಲಿಂ ಹುಡುಗರಿಗೆ ಹಲವು ಬಾಗಿಲು ತಟ್ಟಿ ಇಲ್ಲ ಅನ್ನಿಸಿಕೊಂಡ ಮೇಲೆ ಸಿಗುವುದು ಯಾರಿಗೂ ಬೇಡವಾಗಿ ಉಳಿದ ರೂಮು. ಅಲ್ಲಿ ರಿಪೇರಿ ಕೇಳುವುದೆಂದರೆ ಅವರಿಗೆ ಮತ್ತೆ ಆ ಬಾಗಿಲುಗಳ ಮುಂದೆ ಹೋಗಿ ನಿಲ್ಲುವ ಭಯ. ಆದ್ದರಿಂದ ಅರ್ಜಿಯ ಮೊದಲ ಸಹಿ ಅವರಿಂದ ಹಾಕಿಸಬೇಡಿ. ಖಾಲಿ ಮಾಡೆಂದರೆ ನಾಳೆಯೇ ಬೇರೆ ರೂಮು ಸಿಗುವವರು ಯಾರೋ, ಅವರ ಹೆಸರು ಮೇಲಿರಲಿ.

ಮೂರನೆಯ ಕಾರಣ ಸಣ್ಣದು. ಇನ್ನೆಷ್ಟು ದಿನ, ಪರೀಕ್ಷೆ ಮುಗಿದರೆ ಹೋಗುತ್ತೇವಲ್ಲ ಎಂಬ ಭಾವ. ನಾವು ಹೋಗುತ್ತೇವೆ, ಸೋರುವ ಜಾಗಕ್ಕೆ ನಮ್ಮ ತಮ್ಮ ಬರುತ್ತಾನೆ.

ಗೋಡೆ ಹಸಿಯನ್ನು ಬರೀ ಬಣ್ಣ ಹೋದ ಸಮಸ್ಯೆ ಎಂದು ತಿಳಿದವರಿಗೆ ಒಂದು ಮಾತು. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ಬಾಡಿಗೆ ಮನೆಯ ಗೋಡೆಯಲ್ಲಿ ಬೆಳೆದ ಬೂಷ್ಟಿನಿಂದ ಉಸಿರಾಟ ಕೆಟ್ಟು ಸತ್ತಿತು ಎಂದು 2022ರಲ್ಲಿ ವಿಚಾರಣೆಯ ತೀರ್ಮಾನ ಬಂತು. ತಂದೆ ಮತ್ತೆ ಮತ್ತೆ ದೂರಿದ್ದ. ಮನೆ ಕೊಟ್ಟವರು, ನಿಮ್ಮ ಅಡಿಗೆ, ನಿಮ್ಮ ಸ್ನಾನದ ರೀತಿಯಿಂದಲೇ ಗೋಡೆ ಹಸಿಯಾಗುತ್ತಿದೆ ಎಂದು ಕೈತೊಳೆದುಕೊಂಡಿದ್ದರು. ಆ ಮಗುವಿನ ಹೆಸರಿನಲ್ಲೇ ಅಲ್ಲಿ 2023ರಲ್ಲಿ ಕಾನೂನಾಯಿತು. ಅಲ್ಲಿನ ಸಾಮಾಜಿಕ ವಸತಿ ಮನೆಗಳಲ್ಲಿ ಈಗ ಬೂಷ್ಟಿನ ದೂರು ಬಂದರೆ ಇಂತಿಷ್ಟು ದಿನದೊಳಗೆ ಬಂದು ನೋಡಿ ಸರಿಪಡಿಸಬೇಕು. ನಮ್ಮ ಮಾಲಕರ ಮಾತೂ ಅದೇ: "ನೀವ ಒಳಗ ಬಟ್ಟಿ ಒಣಸ್ತೀರಿ, ಅದಕ್ಕ ಗ್ವಾಡಿ ಹಸಿ ಹಿಡದೈತಿ." ಮಾಳಿಗೆಯ ಬಾಗಿಲಿಗೆ ಬೀಗ ಹಾಕಿ ಕೀಲಿ ಇಟ್ಟುಕೊಂಡವರು ಯಾರು ಸ್ವಾಮಿ?

ಕಾನೂನಿನಲ್ಲಿ ಏನಿದೆ, ಏನಿಲ್ಲ

ಹುಸಿ ಧೈರ್ಯ ತುಂಬುವ ಕರಪತ್ರಗಳು ಬೇಕಾದಷ್ಟಿವೆ. ಇದ್ದದ್ದನ್ನು ಇದ್ದಂತೆ ಹೇಳುತ್ತೇವೆ.

ಕರ್ನಾಟಕ ಬಾಡಿಗೆ ಅಧಿನಿಯಮ 1999ರದ್ದು, 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಮನೆಯನ್ನು ಸುಸ್ಥಿತಿಯಲ್ಲಿಡುವುದು ಮಾಲಕರ ಹೊಣೆ, ಜಗಳವಾಯಿತೆಂದು ನೀರು, ಕರೆಂಟು ಕಡಿಯುವಂತಿಲ್ಲ ಎಂದು ಅದರಲ್ಲಿದೆ. ಆದರೆ ಅದು ಪಟ್ಟಿಯಲ್ಲಿ ಹೆಸರಿಸಿದ ಊರುಗಳಿಗೆ ಮಾತ್ರ. ಅಲ್ಲಿಯೂ ಬಾಡಿಗೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದೆಡೆ 2,000 ರೂಪಾಯಿ ಮೀರಿದ ಮನೆಗಳು ಅದರಿಂದ ಹೊರಗೆ. ಈ ಕಾಲದಲ್ಲಿ ಎಷ್ಟು ಮನೆಗಳು ಒಳಗೆ ಉಳಿದಾವು ನೀವೇ ಲೆಕ್ಕ ಹಾಕಿ.

ಹೊರಗುಳಿದವರಿಗೆ ಇರುವುದು ಬ್ರಿಟಿಷರ ಕಾಲದ ಸ್ವತ್ತು ವರ್ಗಾವಣೆ ಕಾಯ್ದೆ, 1882ರದ್ದು. ಅದರ 108ನೇ ಕಲಮಿನಲ್ಲಿ ನಮಗೆ ಬೇಕಾದ ಒಂದು ಮಾತಿದೆ. ಮಾಲಕರು ಮಾಡಿಸಲು ಬದ್ಧರಾಗಿರುವ ರಿಪೇರಿಯನ್ನು ತಿಳಿಸಿದ ಮೇಲೂ ಯೋಗ್ಯ ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಇದನ್ನು ಓದಿ ಕುಣಿಯುವ ಮೊದಲು "ಬದ್ಧರಾಗಿರುವ" ಎಂಬಲ್ಲಿ ಬೆರಳಿಟ್ಟು ನೋಡಿ. ಮಾಲಕರು ಬದ್ಧರು ಎಂದು ಎಲ್ಲಿ ಬರೆದಿದೆ? ಬಾಂಡ್ ಪೇಪರಿನಲ್ಲಿ ಬರೆದಿರಬೇಕು. ನಮ್ಮ ಬಾಂಡ್ ಪೇಪರಿನಲ್ಲಿ ಏನಿರುತ್ತದೆ? ಬಾಡಿಗೆ ಎಷ್ಟು, ಅಡ್ವಾನ್ಸು ಎಷ್ಟು, ಹನ್ನೊಂದು ತಿಂಗಳು, ಮಾಂಸ ಮಾಡಬಾರದು, ಹತ್ತು ಗಂಟೆಗೆ ಗೇಟು. ರಿಪೇರಿಯ ಒಂದು ಸಾಲೂ ಇಲ್ಲ. ಜೆರಾಕ್ಸ್ ಅಂಗಡಿಯಲ್ಲಿ ವರ್ಷಗಟ್ಟಲೆಯಿಂದ ಅದೇ ನಮೂನೆ, ಹೆಸರು ಮಾತ್ರ ಬದಲು.

ಹಾಗಾಗಿ ಈ ಜೂನಿನಲ್ಲಿ ಹೊಸದಾಗಿ ರೂಮು ಹಿಡಿಯುವವರು ಒಂದು ಸಾಲು ಸೇರಿಸಿ. ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ತಂದಿದೆ. ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನಾಗಿ ಮಾಡಿಕೊಳ್ಳದೆ ಬಲವಿಲ್ಲ. ಆದರೆ ಯಾವ ರಿಪೇರಿ ಯಾರದು ಎಂಬ ಒಳ್ಳೆಯ ಪಟ್ಟಿ ಅದರಲ್ಲಿದೆ. ಕಟ್ಟಡದ ದುರಸ್ತಿ, ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ, ನೀರಿನ ಪೈಪು ಬದಲಿಸುವುದು, ಒಳಗಿನ ಹೊರಗಿನ ವೈರಿಂಗ್ ಮಾಲಕರದು. ಚರಂಡಿ ಸ್ವಚ್ಛ, ಸ್ವಿಚ್ಚು ಸಾಕೆಟ್ಟು, ಒಡೆದ ಕಿಟಕಿ ಗಾಜು ಬಾಡಿಗೆದಾರರದು. ವಾಸದ ಮನೆಗೆ ಅಡ್ವಾನ್ಸು ಎರಡು ತಿಂಗಳ ಬಾಡಿಗೆ ಮೀರಬಾರದು ಎಂದೂ ಇದೆ. ಈ ಪಟ್ಟಿಯನ್ನು ನಮ್ಮ ಬಾಂಡ್ ಪೇಪರಿಗೆ ಇಳಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಡ, ಇಬ್ಬರೂ ಒಪ್ಪಿ ಸಹಿ ಹಾಕಿದರೆ ಆಯಿತು.

ಈಗಾಗಲೇ ರೂಮಿನಲ್ಲಿರುವವರು, ಬಾಂಡೇ ಇಲ್ಲದವರು ಏನು ಮಾಡಬೇಕು? ವಾಟ್ಸ್‌ಆ್ಯಪ್ ತೆರೆದು ನೋಡಿ. "ಅಣ್ಣಾರ, ಮಾಳಗಿ ಸೋರಾಕತ್ತೈತಿ" ಎಂಬ ನಿಮ್ಮ ಮೆಸೇಜಿಗೆ "ಮಾಡಸ್ತೀನಿ ಬಿಡ್ರಿ" ಎಂದು ಮಾಲಕರು ಯಾವತ್ತಾದರೂ ಹಾಕಿದ್ದರೆ ಅಳಿಸಬೇಡಿ. ಅದೇ ಅವರು ಒಪ್ಪಿಕೊಂಡದ್ದಕ್ಕೆ ಆಧಾರ.

ಖಾಲಿ ಮಾಡಿಸುವ ಬೆದರಿಕೆಯ ಬಗ್ಗೆ. ತಿಂಗಳ ಬಾಡಿಗೆಯ ರೂಮಿಗೆ ಬರವಣಿಗೆಯಲ್ಲಿ ಹದಿನೈದು ದಿನದ ನೋಟಿಸು ಬೇಕು. ಹಾಸಿಗೆ ಬೀದಿಗೆ ಎಸೆಯುವುದು, ಊರಿಗೆ ಹೋಗಿದ್ದಾಗ ಬೀಗ ಬದಲಿಸುವುದು ಕಾನೂನಲ್ಲ. ಹಾಗೆ ಹೊರಗೆ ಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಮರಳಿ ಸ್ವಾಧೀನ ಕೇಳಬಹುದು. ನೋಟಿಸು ಕೊಟ್ಟು ಕಾನೂನಿನ ದಾರಿಯಲ್ಲೇ ಬಿಡಿಸಿದರೆ? ಬಿಡಬೇಕಾದೀತು. ಇದನ್ನು ಮುಚ್ಚಿಡುವುದಿಲ್ಲ. ಇದಕ್ಕೆ ಮದ್ದು ಕಾನೂನಿನಲ್ಲಿಲ್ಲ, ಲೆಕ್ಕದಲ್ಲಿದೆ. ಪಾಳಿ ಹಚ್ಚುವುದು ಜೂನ್, ಜುಲೈನಲ್ಲಿ. ನವೆಂಬರಿನಲ್ಲಿ ಖಾಲಿಯಾದ ರೂಮು ಮುಂದಿನ ಜೂನಿನವರೆಗೆ ಖಾಲಿಯೇ. ಒಬ್ಬ ಹುಡುಗನನ್ನು ಬಿಡಿಸುವುದು ಮಾಲಕರಿಗೆ ಸಲೀಸು, ವರ್ಷದ ನಡುವೆ ಇಡೀ ಕಟ್ಟಡವನ್ನು ಬಿಡಿಸುವುದು ನಷ್ಟ. ಒಬ್ಬೊಬ್ಬರೇ ಕೇಳಬೇಡಿ, ಎಲ್ಲ ರೂಮಿನವರೂ ಒಂದೇ ಹಾಳೆಯಲ್ಲಿ ಕೇಳಿ ಎಂದು ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ಬಾಡಿಗೆ ಮಾತ್ರ ನಿಲ್ಲಿಸಬೇಡಿ. ಬೇರೆ ದೇಶಗಳಲ್ಲಿ ನಿಲ್ಲಿಸಿ ಗೆದ್ದವರಿದ್ದಾರೆ. 1915ರಲ್ಲಿ ಗ್ಲಾಸ್ಗೋ ನಗರದ ಹೆಂಗಸರು ಬಾಡಿಗೆ ಕೊಡದೆ ಕೂತು ಇಡೀ ದೇಶಕ್ಕೆ ಬಾಡಿಗೆ ನಿಯಂತ್ರಣ ಕಾನೂನು ತರಿಸಿದರು. 2020ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹಾಸ್ಟೆಲ್ ಬಾಡಿಗೆ ತಡೆಹಿಡಿದು ಶೇಕಡಾ 30ರಷ್ಟು ಇಳಿಸಿಕೊಂಡರು. ಅವರ ಹಿಂದೆ ದೊಡ್ಡ ಗುಂಪೇ ಇತ್ತು. ನಮ್ಮ ಒಂದು ಕಟ್ಟಡದಲ್ಲಿ ಎಂಟೋ ಹತ್ತೋ ರೂಮು. ಬಾಡಿಗೆ ನಿಲ್ಲಿಸಿದ ಕೂಡಲೇ ಮಾತು ರಿಪೇರಿಯಿಂದ ಬಾಕಿಗೆ ಜಾರುತ್ತದೆ, ತಪ್ಪಿತಸ್ಥರು ನಾವಾಗುತ್ತೇವೆ. ಫೋನ್‌ಪೇಯಲ್ಲಿ ಹಾಕಿ, ಯಾವ ತಿಂಗಳದ್ದೆಂದು ಬರೆಯಿರಿ. ನಗದು ಕೊಟ್ಟರೆ ರಸೀತಿ ಕೇಳಿ, ಕೊಡದಿದ್ದರೆ "ಈ ತಿಂಗಳ ಬಾಡಿಗೆ ಮುಟ್ಟಿಸಿದ್ದೇನೆ" ಎಂದು ಮೆಸೇಜು ಹಾಕಿ.

ಅರ್ಜಿಯ ನಮೂನೆ

*ಮಾನ್ಯ ಮನೆ ಮಾಲಕರಿಗೆ, ನಿಮ್ಮ ಕಟ್ಟಡದ ಬಾಡಿಗೆ ರೂಮುಗಳಲ್ಲಿ ವಾಸವಿರುವ ನಾವು, ಕೆಳಗೆ ಸಹಿ ಮಾಡಿದವರು, ಬರೆದುಕೊಳ್ಳುವುದೇನೆಂದರೆ: ನಾವು ಈವರೆಗಿನ ಬಾಡಿಗೆಯನ್ನು ಪೂರ್ತಿ ಕೊಟ್ಟಿದ್ದೇವೆ. ಇಂಥ ರೂಮಿನ ಮಾಳಿಗೆ ಇಂಥ ತಿಂಗಳಿಂದ ಸೋರುತ್ತಿದೆ. ಇಂಥ ಕಡೆ ವೈರು ತೆರೆದುಕೊಂಡು ಶಾಕ್ ಬರುತ್ತಿದೆ. ಬಚ್ಚಲದ ಬಾಗಿಲಿಗೆ ಚಿಲಕ ಇಲ್ಲ. ಫೋಟೋ ಲಗತ್ತಿಸಿದೆ. ವೈರಿಂಗ್ ಮತ್ತು ಚಿಲಕವನ್ನು ಮೂರು ದಿನದೊಳಗೆ, ಉಳಿದವನ್ನು ಈ ಪತ್ರ ತಲುಪಿದ ಹದಿನೈದು ದಿನದೊಳಗೆ ಮಾಡಿಸಿಕೊಡಬೇಕೆಂದು ವಿನಂತಿ. ಕೆಲಸದ ದಿನ ಮೊದಲೇ ತಿಳಿಸಿದರೆ ರೂಮು ತೆರವು ಮಾಡಿ ಸಹಕರಿಸುತ್ತೇವೆ. ಬಾಡಿಗೆಯನ್ನು ಎಂದಿನಂತೆ ಕೊಡುತ್ತೇವೆ. ದಿನಾಂಕ, ಎಲ್ಲರ ಹೆಸರು, ರೂಮಿನ ನಂಬರು, ಸಹಿ.*

ಇಷ್ಟೇ. ಬೈಗುಳ ಬೇಡ, ಹೋರಾಟದ ಭಾಷಣ ಬೇಡ, ವಕೀಲರ ಭಾಷೆಯೂ ಬೇಡ. ಎರಡು ಪ್ರತಿ ಮಾಡಿ, ಒಂದನ್ನು ಕೈಗೆ ಕೊಟ್ಟು ಇನ್ನೊಂದರ ಮೇಲೆ "ಮುಟ್ಟಿದೆ" ಎಂದು ಬರೆಸಿಕೊಳ್ಳಿ. ಸಹಿ ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಚೀಟಿ ಇಟ್ಟುಕೊಳ್ಳಿ. ಹದಿನೈದು ದಿನ ಆದ ಮೇಲೆ ಗೌಂಡಿಯನ್ನೋ ವೈರ್‌ಮನ್ನನ್ನೋ ಕರೆಸಿ ಖರ್ಚಿನ ಅಂದಾಜನ್ನು ಬರೆಸಿ ಅದನ್ನೂ ಕಳಿಸಿ. ಸ್ವಂತ ಖರ್ಚಿನಲ್ಲಿ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳುವ ಹೆಜ್ಜೆಯನ್ನು ಮಾತ್ರ ಕಾನೂನು ನೆರವಿನವರನ್ನು ಕೇಳದೆ ಇಡಬೇಡಿ.

ಆ ನೆರವು ಉಚಿತ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಪುಕ್ಕಟೆ ವಕೀಲರು ಸಿಗುತ್ತಾರೆ, ಉಳಿದವರಿಗೆ ಆದಾಯ ಮಿತಿಯೊಳಗಿದ್ದರೆ. ಗಂಗಾವತಿ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಅಥವಾ 15100ಕ್ಕೆ ಫೋನು ಮಾಡಿ. ಗೋಡೆ ಬೀಳುವಂತಿದ್ದರೆ, ಶೌಚದ ನೀರು ಓಣಿಗೆ ಹರಿಯುತ್ತಿದ್ದರೆ ಅದು ನಿಮ್ಮ ಮತ್ತು ಮಾಲಕರ ನಡುವಿನ ಮಾತಷ್ಟೇ ಅಲ್ಲ, ನಗರಸಭೆಯದ್ದೋ ಗ್ರಾಮ ಪಂಚಾಯಿತಿಯದ್ದೋ ಕೆಲಸ. ಅರ್ಜಿಯ ಒಂದು ಪ್ರತಿ ಅಲ್ಲಿಗೂ ಹೋಗಲಿ.

ಅಂದಹಾಗೆ, ಸರ್ಕಾರದ ಗೃಹಜ್ಯೋತಿ ಯೋಜನೆಯ 200 ಯೂನಿಟ್ಟಿನವರೆಗಿನ ಪುಕ್ಕಟೆ ಕರೆಂಟು ಬಾಡಿಗೆದಾರರಿಗೂ ಉಂಟು. ಮೀಟರಿಗೆ ಶೂನ್ಯ ಬಿಲ್ಲು ಬರುತ್ತಿದ್ದರೂ ರೂಮಿಗಿಷ್ಟು ಎಂದು ಕರೆಂಟು ದುಡ್ಡು ಎತ್ತುತ್ತಿದ್ದರೆ ಬಿಲ್ಲು ತೋರಿಸಿ ಎಂದು ಕೇಳಿ. ಆ ದುಡ್ಡಿನಲ್ಲೇ ಇಎಲ್‌ಸಿಬಿ ಬಂದೀತು.

"ಪ್ರಾಧಿಕಾರದವರು ಬಿಡಂಗಿಲ್ರಿ"

ಆನೆಗೊಂದಿಯೊಳಗೇ ಕೋಣೆ ಹಿಡಿದವರು ಕೇಳುವ ಉತ್ತರ ಇದು. ಮಾಳಿಗೆಗೆ ಕೈ ಹಚ್ಚಿದರೆ ಹಂಪಿ ಪ್ರಾಧಿಕಾರದವರು, ಪುರಾತತ್ವದವರು ಬಂದು ನಿಲ್ಲುತ್ತಾರೆ, ನಾವೇನು ಮಾಡೋಣ ಎನ್ನುತ್ತಾರೆ. ಈ ಭಯಕ್ಕೆ ಕಾರಣವಿದೆ. ವಿರುಪಾಪುರ ಗಡ್ಡೆಯ ರೆಸಾರ್ಟುಗಳ ಮೇಲೆ 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು ಮುಂದಿನ ತಿಂಗಳು ಜೆಸಿಬಿ ಓಡಿದ್ದನ್ನು ಈ ಭಾಗದವರು ಕಣ್ಣಾರೆ ಕಂಡಿದ್ದಾರೆ.

ಆದರೆ ಅಲ್ಲಿ ಬಿದ್ದದ್ದು ಅನುಮತಿಯಿಲ್ಲದೆ ಕಟ್ಟಿದ ಕಟ್ಟಡಗಳು. ಸೋರುವ ಮಾಳಿಗೆಗೆ ಮಣ್ಣು ಹಾಕುವುದು, ಮುರಿದ ಜಂತಿ ಬದಲಿಸುವುದು ಬೇರೆ ಮಾತು. ಸ್ಮಾರಕ ಕಾಯ್ದೆ 2010ರಲ್ಲಿ ತಿದ್ದುಪಡಿಯಾದಾಗ ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ, ಅದರಾಚೆಗೆ ಇನ್ನೂ 200 ಮೀಟರು ನಿಯಂತ್ರಿತ ಎಂದಾಯಿತು. ಅದೇ ಕಾಯ್ದೆಯ 20ಸಿ ಕಲಮಿನಲ್ಲಿ, ನಿಷೇಧಿತ ಪ್ರದೇಶದಲ್ಲಿ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯನ್ನು ದುರಸ್ತಿ ಮಾಡಿಸಲು ಮಾಲಕರು ಅರ್ಜಿ ಹಾಕಬಹುದು ಎಂದಿದೆ. ಬಲ್ಬು, ಚಿಲಕ, ಒಳಗಿನ ವೈರಿಗೆ ದೆಹಲಿಯವರೆಗೆ ಯಾರೂ ಹೋಗಬೇಕಿಲ್ಲ. "ಅರ್ಜಿ ಹಾಕೀರೇನ್ರಿ? ಪ್ರತಿ ತೋರಸ್ರಿ" ಎಂದು ಮೆಲ್ಲಗೆ ಕೇಳಿ ನೋಡಿ.

ಹಳೆಯ ಮನೆ ರಿಪೇರಿಯಾಗುವುದಿಲ್ಲ ಎನ್ನುವ ಮಾತಂತೂ ಈ ಊರಿನಲ್ಲಿ ನಡೆಯದು. ಕಿಷ್ಕಿಂದಾ ಟ್ರಸ್ಟಿನವರು ಇಲ್ಲಿನ ಹಳೆ ಮನೆಗಳನ್ನು ಮಣ್ಣು, ಮರ, ಸುಣ್ಣದಲ್ಲೇ ಸರಿಮಾಡಿ ಅತಿಥಿಗಳನ್ನು ಇಳಿಸುತ್ತಿದ್ದಾರೆ. ಅಂಜನಾದ್ರಿಗೆ ಬರುವ ಯಾತ್ರಿಕರಿಗೆಂದು ಎಷ್ಟೋ ಮನೆಗಳ ಮುಂದಿನ ಕೋಣೆಗೆ ಟೈಲ್ಸು, ಗೀಸರು ಬಂದಿವೆ. ಒಂದು ರಾತ್ರಿ ಮಲಗಿ ಹೋಗುವವರಿಗೆ ಆದದ್ದು ಹಿಂದಿನ ಕೋಣೆಯಲ್ಲಿ ವರ್ಷವಿಡೀ ಇರುವವರಿಗೆ ಯಾಕೆ ಆಗದು?

ಮಾಲಕರಿಗೆ

ನಿಮ್ಮಲ್ಲಿ ಎಲ್ಲರೂ ಮಿಲ್ಲು, ಗೋದಾಮು ಇದ್ದವರಲ್ಲ ಎಂದು ಗೊತ್ತು. ಗಂಡ ತೀರಿಕೊಂಡ ಮೇಲೆ ಎರಡು ರೂಮಿನ ಬಾಡಿಗೆಯಲ್ಲೇ ಮನೆ ನಡೆಸುವ ಅಕ್ಕಾರೂ ಇದ್ದಾರೆ. ಅವರಿಗೆ ಒಂದೇ ಸಲ ಮಾಳಿಗೆ ಹಾಕಿಸು ಎಂದರೆ ಆಗದು. ಅಂಥಲ್ಲಿ ಒಂದು ದಾರಿ ಇದೆ: ಗೌಂಡಿಯ ಅಂದಾಜಿಗೆ ಇಬ್ಬರೂ ಸಹಿ ಹಾಕಿ, ರೂಮಿನವರು ಕೂಡಿ ದುಡ್ಡು ಹಾಕಿ ಕೆಲಸ ಮುಗಿಸುತ್ತೇವೆ, ನೀವು ಅದನ್ನು ನಾಲ್ಕಾರು ತಿಂಗಳ ಬಾಡಿಗೆಯಲ್ಲಿ ಹಿಡಿಯಿರಿ. ಮಾಳಿಗೆಗೆ ಮಣ್ಣು ಹೊರಲು ನಾವೇ ಬರುತ್ತೇವೆ, ನಮ್ಮ ಅಪ್ಪಂದಿರು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಡುವ ಕೆಲಸವೇ ಅದು. ಮಳೆ ಬಿದ್ದ ಮೇಲೆ ಖರ್ಚು ಇಮ್ಮಡಿ ಎಂಬುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು.

ಗೋಡೆಗೆ ಮೊಳೆ ಹೊಡೆದು ಹಾಳು ಮಾಡಿದ, ನಲ್ಲಿ ಬಿಟ್ಟು ಹೋದ, ರಾತ್ರಿ ಗದ್ದಲ ಮಾಡಿದ ಹುಡುಗರ ಲೆಕ್ಕ ನಿಮ್ಮ ಬಳಿ ಇರುತ್ತದೆ. ತನ್ನಿ, ಅದನ್ನೂ ಹಾಳೆಯಲ್ಲಿ ಬರೆಯೋಣ. ಒಡೆದದ್ದನ್ನು ಒಡೆದವರು ಸರಿಮಾಡಿಸಲಿ.

ಎಲ್ಲಿ, ಯಾವಾಗ

ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ, ಆನೆಗೊಂದಿಯ ಗಗನ ಮಹಲಿನ ಮುಂದೆ. ಗುಡಿಯ ಕಟ್ಟೆ, ಮಠದ ಪಡಸಾಲೆ, ಯಾರದೋ ಮನೆಯಂಗಳ ಬೇಡವೆಂದೇ ಬಯಲನ್ನು ಆರಿಸಿದ್ದೇವೆ, ಯಾರೂ ಹಿಂದೆ ಸರಿದು ನಿಲ್ಲುವಂತಾಗಬಾರದು. ಮೈಕು, ಹಾರ, ಅತಿಥಿ ಯಾವುದೂ ಇಲ್ಲ. ಕಟ್ಟಡವಾರು ಕೂತು ಅರ್ಜಿ ಬರೆಯುವ ಕೆಲಸ ಮಾತ್ರ. ಬರೆಯಲು ಬಾರದ ಪಾಲಕರಿಗೆ ಬರೆದು ಕೊಡುವವರಿರುತ್ತಾರೆ. ಹುಡುಗಿಯರ ಅರ್ಜಿಗಳನ್ನು ಹುಡುಗಿಯರೇ ಬೇರೆ ಕೂತು ಬರೆದುಕೊಳ್ಳುತ್ತಾರೆ, ಅವರ ರೂಮಿನ ವಿಳಾಸ ಯಾರ ಬಾಯಲ್ಲೂ ಬರುವುದಿಲ್ಲ.

ಬರುವಾಗ ಬಾಂಡ್ ಪೇಪರಿನ ಜೆರಾಕ್ಸು, ಬಾಡಿಗೆ ಕೊಟ್ಟ ರಸೀತಿ ಅಥವಾ ಫೋನ್‌ಪೇ ಸ್ಕ್ರೀನ್‌ಶಾಟು, ಕರೆಂಟು ಬಿಲ್ಲು, ಸೋರುವ ಜಾಗದ, ತೆರೆದ ವೈರಿನ ಫೋಟೋ ತನ್ನಿ. ಫೋಟೋ ತೆಗೆಯುವಾಗ ವೈರು ಮುಟ್ಟಬೇಡಿ. ಒಂದೇ ಕಟ್ಟಡದಲ್ಲಿ ಇರುವವರು ಒಬ್ಬರನ್ನೊಬ್ಬರು ಕರೆದುಕೊಂಡು ಬನ್ನಿ, ಒಬ್ಬರೇ ಬಂದರೆ ಅರ್ಜಿ ಬರೆಯದೆ ಉಳಿದವರನ್ನು ಕರೆತರಲು ಕಳಿಸುತ್ತೇವೆ. ಪೆನ್ನು ನಿಮ್ಮದೇ ತನ್ನಿ, ಹಾಳೆ ನಾವು ಕೊಡುತ್ತೇವೆ.

ಇಂತಿ,
ಆನೆಗೊಂದಿ ಸುತ್ತಲಿನ ಹಳ್ಳಿಗಳಿಂದ ಹೋಗಿ ಗಂಗಾವತಿ, ಕೊಪ್ಪಳದ ಬಾಡಿಗೆ ರೂಮುಗಳಲ್ಲಿ ಓದುತ್ತಿರುವ ವಿದ್ಯಾರ್ಥಿಗಳು